ಪುನರ್ಪುಳಿ ಬಣ್ಣದ ಚೌಕುಳಿ ಸೀರೆ

ಸೀರೆ ಕೌಂಟರಿನಲ್ಲಿ ನಾವು ಗಿರಾಕಿಗಳ ಹೆಸರು ಕೇಳುವುದಿಲ್ಲ, ಎಲ್ಲಿಯವರು ಎಂದು ಕೇಳುತ್ತೇವೆ. ಹಾಗಾಗಿ ಆ ಮಧ್ಯಾಹ್ನ ಮಂಗಳೂರಿನ ಹಂಪನಕಟ್ಟೆಯ ನಮ್ಮ ಅಂಗಡಿಗೆ ಬಂದು ಗಾದಿಯ ಮೇಲೆ ಸಾಲಾಗಿ ಕುಳಿತ ಮೂವರು ಹೆಂಗಸರು ನನಗೆ ಇಂದಿಗೂ ಕದ್ರಿ ಅಕ್ಕ, ಬಂದರ್ ಅಕ್ಕ ಮತ್ತು ಸುರತ್ಕಲ್ ಹುಡುಗಿ. ಮೂವರೂ ಫಳ್ನೀರಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿರುವವರು. ಕದ್ರಿ ಅಕ್ಕ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. ಗಂಡನ ಮನೆಯವರು ತಲೆಮಾರುಗಳಿಂದ ದೇವಸ್ಥಾನದ ಪೂಜೆಯವರು. ಬಂದರ್ ಅಕ್ಕ ಚೀಟಿ ಬರೆಯುವ ಕೌಂಟರಿನಲ್ಲಿ. ಅವರ ಅಣ್ಣಂದಿರಿಗೆ ಬಂದರಿನಲ್ಲಿ ಸಾಂಬಾರ ಪದಾರ್ಥದ ಅಂಗಡಿ. ಸುರತ್ಕಲ್ ಹುಡುಗಿ ಫಿಸಿಯೋಥೆರಪಿಯವಳು, ಕೈಯಲ್ಲಿ ಮೊಬೈಲು, ಅದರಲ್ಲಿ ಆಗಲೇ ಹತ್ತಾರು ಸೀರೆಗಳ ಫೋಟೋ.

"ಅಣ್ಣ, ನಮ್ಮ ಸಿಸ್ಟರ್ ರಿಟೈರ್ ಆಗ್ತಾರೆ" ಎಂದು ಬಂದರ್ ಅಕ್ಕ ಶುರು ಮಾಡಿದರು. ಸಿಸ್ಟರ್ ಎಂದರೆ ಅಲ್ಲಿನ ಹಿರಿಯ ದಾದಿ, ಬೆಂದೂರಿನ ಕ್ರಿಶ್ಚಿಯನ್ ಹೆಂಗಸು. "ಚಿನ್ನ ಬೇಡ, ಶಾಲು ಬೇಡ ಅಂದಿದ್ದಾರೆ. ಎಲ್ಲರೂ ಒಂದೇ ಸೀರೆ ಉಟ್ಟು ಬರಬೇಕಂತೆ, ಒಂದು ಫೋಟೋ ಬೇಕಂತೆ. ಎಲ್ಲರೂ ಅಂದರೆ ಎಲ್ಲರೂ. ಆಯಾಗಳೂ, ನೆಲ ಒರೆಸುವವರೂ."

ನಮ್ಮ ಊರಿನಲ್ಲಿ ಇದು ಹೊಸತಲ್ಲ. ಮದುವೆ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ ಯಾವುದಕ್ಕಾದರೂ ಹೆಂಗಸರು ಒಂದೇ ಸೀರೆ ತೆಗೆಯುತ್ತಾರೆ. ಆದರೆ ಬಂದರ್ ಅಕ್ಕ ಮುಂದಿನ ಮಾತನ್ನು ದನಿ ತಗ್ಗಿಸಿ ಹೇಳಿದರು. ಹಿಂದೆ ಊರಿನಲ್ಲಿ ಗಲಾಟೆಯಾದ ಸಮಯದಲ್ಲಿ ಆಸ್ಪತ್ರೆಯ ಒಂದು ಕಾರ್ಯಕ್ರಮಕ್ಕೆ ಸೀರೆ ವಿಷಯದಲ್ಲಿ ಮಾತು ಬೆಳೆದು, ಕೊನೆಗೆ ಎರಡು ಬಣ್ಣವಾಗಿ, ಊಟಕ್ಕೆ ಎರಡು ಸಾಲಾಗಿ, ಫೋಟೋ ಕೂಡ ಎರಡಾಯಿತಂತೆ. ಸಿಸ್ಟರ್ ಆ ದಿನ ಊಟ ಮಾಡದೆ ವಾರ್ಡಿಗೆ ಹೋಗಿ ಕುಳಿತಿದ್ದರಂತೆ. "ಈ ಸಲದ ಜವಾಬ್ದಾರಿ ನಾನು ಮೇಲೆ ಹಾಕಿಕೊಂಡಿದ್ದೇನೆ. ಇದೂ ಹಾಳಾದರೆ ನಾನು ಅವರ ಮುಖ ನೋಡುವುದು ಹೇಗೆ?"

"ಅಷ್ಟೇ ತಾನೆ? ಇವತ್ತೇ ಮುಗಿಸುವ" ಎಂದೆ ನಾನು.

ಹಾಗೆ ಹೇಳಲು ನನಗೆ ಧೈರ್ಯವಿತ್ತು. ಮಂಗಳೂರಿನಲ್ಲಿ ಸೀರೆ ಮಾರುವವನಿಗೆ ಊರಿನ ಕೇರಿ ಕೇರಿಯೂ ಅಂಚು ಸೆರಗುಗಳಲ್ಲಿ ಓದಿಸಿಕೊಳ್ಳುತ್ತದೆ. ಗೋಪುರದ ಅಂಚು ಕದ್ರಿಗೆ, ರಥಬೀದಿಗೆ. ಪ್ರಾಣಿ ಪಕ್ಷಿ ಇಲ್ಲದ ಸಣ್ಣ ಬುಟ್ಟಾ, ಮೈತುಂಬ ಬಳ್ಳಿ ಕಸೂತಿ ಬಂದರಿಗೆ, ಕುದ್ರೋಳಿಗೆ. ಬೆಳ್ಳಗಿನ ಬಟ್ಟೆಗೆ ಮುತ್ತಿನ ಕೆಲಸ ಚರ್ಚಿನ ಸುತ್ತಮುತ್ತಲಿನ ಮನೆಗಳಿಗೆ. ಅದೇ ಬಿಳಿಯನ್ನು ಇನ್ನೊಂದು ಮನೆಯ ಮದುಮಗಳ ಮುಂದೆ ಬಿಡಿಸಿದರೆ ಆ ಮನೆಯ ಹಿರಿಯರು ಎದ್ದು ಹೋಗುತ್ತಾರೆ. ನನಗೆ ಕೌಂಟರು ಕಲಿಸಿದ ಹಿರಿಯರೊಬ್ಬರು ಹೇಳುತ್ತಿದ್ದರು: "ಗಿರಾಕಿಯ ಬಾಯಿಯನ್ನು ನಂಬಿ ಕೂರಬೇಡ ಮಗ, ಬೆರಳು ನೋಡು. ಬೇಕಾದ ಸೀರೆಯ ಅಂಚನ್ನು ಬೆರಳು ತಾನಾಗಿ ಮಡಚುತ್ತದೆ." ಅದನ್ನೇ ನೆಚ್ಚಿಕೊಂಡು ಬಂದವನು ನಾನು.

ಸೀರೆ ಬಿಡಿಸುವ ಮೊದಲು, ರಾಶಿಯಲ್ಲಿದ್ದ ನವಿಲು ಆನೆಗಳ ಸೀರೆಗಳನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದೆ. ಬಂದರ್ ಅಕ್ಕ ನೋಡಿಬಿಟ್ಟರು.

"ನವಿಲು ಯಾಕೆ ಆಚೆ ಇಟ್ಟಿರಿ? ನನ್ನನ್ನು ನೋಡಿ ಅಲ್ವಾ?"

ನಾನು ತಲೆ ತುರಿಸಿಕೊಂಡೆ.

"ಬೇಡ ಅನ್ನುವುದು ನಿಜ. ಉಟ್ಟ ಸೀರೆಯಲ್ಲೇ ಆಸ್ಪತ್ರೆಯಲ್ಲಿ ನಮಾಜ್ ಮಾಡ್ತೇನೆ, ಚಿತ್ರ ಇದ್ದರೆ ಮನಸ್ಸಿಗೆ ಸರಿಯಾಗುವುದಿಲ್ಲ. ಆದರೆ ಬೇಡ ಅಂತ ಹೇಳ್ಲಿಕ್ಕೆ ನನಗೆ ಬಿಡಿ ಮಾರಾಯ್ರೆ. ಇವರೂ ಒಮ್ಮೆ ನೋಡಲಿ."

ನವಿಲನ್ನು ತಂದು ಬಿಡಿಸಿದೆ. ಮೂವರೂ ಚೆಂದ ಎಂದರು, ಮೂವರೂ ಬೇಡ ಎಂದರು. ಮುಂದೆ ಗೋಪುರದ ಅಂಚು. ಕದ್ರಿ ಅಕ್ಕನ ಬೆರಳು ಅಂಚನ್ನು ಮಡಚಿತು, ಮತ್ತೆ ಅವರೇ ಬಿಟ್ಟರು. "ನನಗೆ ಇಷ್ಟ ಉಂಟು. ಆದರೆ ಇದನ್ನು ಎಲ್ಲರಿಗೆ ಉಡಿಸಿದರೆ ನಮ್ಮದನ್ನು ಹೇರಿದ ಹಾಗೆ ಆಗ್ತದೆ." ಕಪ್ಪು ಅಂಚು ತೆಗೆದರೆ ಒಳ್ಳೆಯ ಕಾರ್ಯಕ್ಕೆ ಕಪ್ಪು ಬೇಡವೆಂದು ಅವರೇ ಅಂದರು. ಜಾಲರಿಯ ವಿನ್ಯಾಸ ಬಿಡಿಸಿದಾಗ ಸುರತ್ಕಲ್ ಹುಡುಗಿ "ಇದು ನೋಡಿದರೆ ಸೋಫಾ ಕವರ್ ನೆನಪಾಗ್ತದೆ, ಸಿಸ್ಟರ್ ನಮ್ಮ ಮೇಲೆ ಕೂತುಕೊಂಡಾರು" ಎಂದಳು. ಮೂವರೂ ನಕ್ಕು ಸುಸ್ತಾದರು. ನಾನು ಗಮನಿಸಿದ್ದೇನೆಂದರೆ, ಯಾರೂ ಇನ್ನೊಬ್ಬರಿಗೆ ನೋವಾಗುವಂತೆ ಬೇಡ ಎನ್ನಲಿಲ್ಲ. ಪ್ರತಿಯೊಬ್ಬರೂ ತಮ್ಮ ಮನೆಯದ್ದನ್ನು ತಾವೇ ಹಿಂದಕ್ಕೆ ಇಡುತ್ತಿದ್ದರು. ಗಾದಿಯ ಮೇಲೆ ಇಂಥ ಮರ್ಯಾದೆಯನ್ನು ನಾನು ಅಪರೂಪಕ್ಕೆ ಕಂಡದ್ದು.

ಕೊನೆಗೆ ತಿಳಿ ನೇರಳೆ ಬಣ್ಣದ, ಸಣ್ಣ ಹೂವಿನ, ತೆಳು ಜರಿಯಂಚಿನ ಸೀರೆಯೊಂದು ಮೂವರಿಗೂ ಒಪ್ಪಿಗೆಯಾಯಿತು. ಆಗ ಒಂದು ತೊಡಕು ಬಂತು. ಆಯಾಗಳಿಗೆ ಅದು ದುಬಾರಿಯಾಗುತ್ತದೆ, ಅವರ ಪಾಲಿನ ದುಡ್ಡು ಬೇರೆಯವರು ಕೊಡುವುದನ್ನು ಅವರು ಒಪ್ಪುವುದಿಲ್ಲ. ನಮ್ಮ ವ್ಯಾಪಾರದಲ್ಲಿ ಇದಕ್ಕೆ ಸಿದ್ಧ ಉತ್ತರ ಇದೆ, ಅದನ್ನೇ ಕೊಟ್ಟೆ: "ಇದೇ ಡಿಸೈನು ಇನ್ನೊಂದು ಕ್ವಾಲಿಟಿಯಲ್ಲಿ ಬರ್ತದೆ. ಬಣ್ಣ ಒಂದೇ, ಹೂವು ಒಂದೇ. ಫೋಟೋದಲ್ಲಿ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ."

"ಹಾಗಾದರೆ ಆಯಿತಲ್ಲ" ಎಂದರು ಕದ್ರಿ ಅಕ್ಕ. ಬಂದರ್ ಅಕ್ಕ ಮೇಲೆ ನೋಡಿ ಏನೋ ಪ್ರಾರ್ಥಿಸಿದರು. ಸೀರೆ ಆಯ್ಕೆ ಮುಗಿಯಿತು ಎಂದು ನಾವು ನಾಲ್ಕೂ ಜನ ನಂಬಿದೆವು.

ಆರ್ಡರು ಕಳಿಸುವ ಮೊದಲು ಎರಡೂ ಕ್ವಾಲಿಟಿಯ ಒಂದೊಂದು ಸೀರೆ ತರಿಸಿ, ಕಿಟಕಿಯ ಗೊಂಬೆಗಳಿಗೆ ಉಡಿಸಿ ನೋಡುವುದು ನನ್ನ ಅಭ್ಯಾಸ. ದೊಡ್ಡ ಆರ್ಡರಿನಲ್ಲಿ ಬಣ್ಣ ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೂ ನಾಳೆ ಬೈಗುಳ ತಿನ್ನುವವನು ಕೌಂಟರಿನವನೇ. ಬೆಳಿಗ್ಗೆ ಉಡಿಸಿ ರಸ್ತೆಗೆ ಇಳಿದು ನೋಡಿದೆ. ಬಣ್ಣದಲ್ಲಿ ವ್ಯತ್ಯಾಸವಿರಲಿಲ್ಲ, ಹೂವಿನಲ್ಲೂ ಇರಲಿಲ್ಲ. ಆದರೆ ಒಂದು ಗೊಂಬೆಯ ನೆರಿಗೆ ನೀರಿನ ಹಾಗೆ ಇಳಿದು ನಿಂತಿತ್ತು, ಇನ್ನೊಂದರ ನೆರಿಗೆ ಗಾಳಿ ತುಂಬಿದ ಹಾಗೆ ಉಬ್ಬಿತ್ತು. ಒಂದರ ಜರಿ ಮಿನುಗುತ್ತಿತ್ತು, ಇನ್ನೊಂದರ ಜರಿ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಬಿಡಿಬಿಡಿಯಾಗಿ ನೋಡಿದಾಗ ಕಾಣದ್ದು ಅಕ್ಕಪಕ್ಕ ನಿಲ್ಲಿಸಿದಾಗ ಕೂಗಿ ಹೇಳುತ್ತಿತ್ತು.

ನನ್ನ ಕಣ್ಣಿಗೆ ಮಾತ್ರವೋ ಏನೋ ಎಂದು ಅನುಮಾನವಾಗಿ ಒಳಗೆ ಬಂದು ಕೌಂಟರಿನಲ್ಲಿ ನಿಂತೆ. ಬಸ್ಸಿಳಿದು ಬಂದ ಹೆಂಗಸರು ಒಬ್ಬರ ಹಿಂದೆ ಒಬ್ಬರು "ಆ ನೇರಳೆ ಎಷ್ಟು?" ಎಂದು ಕೇಳಿದರು. ಎರಡು ನೇರಳೆ ಇದ್ದವು. ಎಲ್ಲರೂ ಬೆರಳು ತೋರಿಸಿದ್ದು ಒಂದೇ ಗೊಂಬೆಯ ಕಡೆಗೆ.

ಹಿಂದಿನ ಸಲ ಎರಡು ಬಣ್ಣವಾಗಿ ಒಡೆದವರನ್ನು ಈ ಸಲ ನಾನು ಒಂದೇ ಬಣ್ಣದಲ್ಲಿ ಒಡೆಯಲು ಹೊರಟಿದ್ದೆ. ಧರ್ಮ ಯಾವುದು ಎಂದು ಅಂಚು ನೋಡಿ ಹೇಳಬಲ್ಲವನಿಗೆ, ನೆಲ ಒರೆಸುವವರು ಯಾರು ಎಂದು ನೆರಿಗೆಯೇ ಹೇಳಿಬಿಡುತ್ತದೆ ಎಂಬುದು ಹೊಳೆದಿರಲಿಲ್ಲ.

ಅಂಗಡಿಯ ಧಣಿಗಳ ಹತ್ತಿರ ಹೋಗಿ, ಈ ಆರ್ಡರು ಕಳಿಸುವುದು ಬೇಡ ಎಂದೆ.

"ನಿನಗೆ ಮರುಳಾ? ಗಿರಾಕಿ ಒಪ್ಪಿದ ಮೇಲೆ ನಿನ್ನದೆಂತ?"

"ಗಿರಾಕಿ ಬಿಡಿಸಿದ್ದನ್ನು ನೋಡಿದ್ದಾರೆ, ಉಟ್ಟದ್ದನ್ನು ನೋಡಲಿಲ್ಲ ಧಣಿ. ಒಮ್ಮೆ ರಸ್ತೆಗೆ ಬಂದು ನೋಡಿ."

ಅವರು ಬಂದು ನೋಡಿದರು, ಒಮ್ಮೆ ಗೊಣಗಿದರು. "ಫೋನ್ ಮಾಡು. ಆದರೆ ಅವರು ಬೇರೆ ಅಂಗಡಿಗೆ ಹೋದರೆ ನಿನ್ನನ್ನೇ ಗೊಂಬೆ ಮಾಡಿ ನಿಲ್ಲಿಸ್ತೇನೆ."

ಬಂದರ್ ಅಕ್ಕನಿಗೆ ಫೋನು ಮಾಡಿದೆ. ನಾನು ಹೇಳಿದ್ದನ್ನು ಅವರು ಪೂರ್ತಿ ಕೇಳಿದರು. "ಅವೆರಡನ್ನೂ ಕಿಟಕಿಯಿಂದ ತೆಗೀಬೇಡಿ ಅಣ್ಣ. ಇವರಿಬ್ಬರನ್ನು ಕರಕೊಂಡು ಬರ್ತೇನೆ. ಬಾಯಲ್ಲಿ ಹೇಳಿದರೆ ನಾನೇ ತಕರಾರು ತೆಗೆದ ಹಾಗೆ ಆಗ್ತದೆ."

ಸಂಜೆ ಮೂವರೂ ಕಿಟಕಿಯ ಹೊರಗೆ ನಿಂತರು. ನಾನು ಒಳಗಿನಿಂದ ಗಾಜಿನ ಮೂಲಕ ಅವರ ಮುಖ ನೋಡುತ್ತಿದ್ದೆ. ಕದ್ರಿ ಅಕ್ಕ ಎರಡು ಗೊಂಬೆಗಳನ್ನೂ ನೋಡಿ, ಸೆರಗನ್ನು ಬಾಯಿಗೆ ಹಿಡಿದರು. ಒಳಗೆ ಬಂದವರೇ, "ಛೆ, ಅಷ್ಟು ಹೊತ್ತು ದೇವರ ವಿಷಯದಲ್ಲಿ ಯಾರಿಗೂ ಬೇಜಾರಾಗಬಾರದು ಅಂತ ನೋಡಿದೆವು. ಆಯಾಗಳ ವಿಷಯದಲ್ಲಿ ನೋಡಲೇ ಇಲ್ಲ ನೋಡಿ" ಎಂದರು.

"ಈಗ ಎಂತ ಮಾಡುವುದು?" ಎಂದಳು ಹುಡುಗಿ. "ಎಲ್ಲರಿಗೂ ಆಗುವ ಸೀರೆ ಅಂತ ಒಂದು ಈ ಊರಲ್ಲಿ ಉಂಟಾ?"

ನಾನು ಏಣಿ ಹತ್ತಿ ಮೇಲಿನ ಅಟ್ಟದಿಂದ ಒಂದು ಕಟ್ಟು ಇಳಿಸಿದೆ. ನಮ್ಮ ಕಡೆಯ ಕೈಮಗ್ಗದ ಹತ್ತಿ ಸೀರೆ. ಮೈಯೆಲ್ಲ ಚೌಕುಳಿ, ಅಂಚಿಗೆ ಬೇರೆ ಬಣ್ಣದ ಸಾದಾ ಪಟ್ಟಿ. ಅದರಲ್ಲಿ ಪ್ರಾಣಿಯಿಲ್ಲ, ಗೋಪುರವಿಲ್ಲ, ಜರಿಯಿಲ್ಲ. ಎರಡನೇ ಕ್ವಾಲಿಟಿ ಎಂಬುದೂ ಇಲ್ಲ, ಆಯಾಗಳ ಕೈಗೂ ಎಟಕುತ್ತದೆ. ಬಿಡಿಸಿದ ಕೂಡಲೇ ಕದ್ರಿ ಅಕ್ಕ, "ಅಯ್ಯೋ, ಇದು ನಮ್ಮ ಅಜ್ಜಿಯದ್ದು! ಅಡುಗೆಮನೆಯಲ್ಲಿ ಇದೇ" ಎಂದರು. ಬಂದರ್ ಅಕ್ಕನೂ ಬಿಡಲಿಲ್ಲ. "ಅದು ಹೇಗೆ ನಿಮ್ಮ ಅಜ್ಜಿಯದ್ದು? ನಮ್ಮ ಅಜ್ಜಿ ಸೊಂಟಕ್ಕೆ ಸುತ್ತಿಕೊಳ್ಳುವ ತುಣಿ ಇದೇ ಚೌಕುಳಿ. ಮೇಲಿನಿಂದ ಬಿಳಿ ಕುಪ್ಪಾಯ. ನಾನು ಅದರ ಚೌಕ ಎಣಿಸ್ತಾ ಎಣಿಸ್ತಾ ಮಲಗಿದವಳು."

ಇಬ್ಬರೂ ನಗುತ್ತ ಸೀರೆಯನ್ನು ಆಚೆಯಿಂದೊಬ್ಬರು ಈಚೆಯಿಂದೊಬ್ಬರು ಹಿಡಿದಿದ್ದರು. ಸುರತ್ಕಲ್ ಹುಡುಗಿ ಮಾತ್ರ ಮುಟ್ಟಲಿಲ್ಲ.

"ಇದು ಬೇಡ" ಎಂದಳು.

"ಯಾಕೆ ಮಾರಾಯ್ತಿ? ಸೋಫಾ ಅಲ್ಲ ತಾನೆ?" ಎಂದರು ಬಂದರ್ ಅಕ್ಕ.

"ಬೇಡ ಅಂದೆನಲ್ಲ. ನೀವು ಬೇಕಾದರೆ ತೆಗೀರಿ, ನಾನು ಉಡುವುದಿಲ್ಲ."

ಕದ್ರಿ ಅಕ್ಕ ಸ್ವಲ್ಪ ಗದರಿದ ಹಾಗೆ, "ಹಳತು ಅಂತ ಬೇಡವಾ ನಿನಗೆ?" ಎಂದು ಕೇಳಿದರು. ಹುಡುಗಿ ಮೊಬೈಲನ್ನು ಚೀಲಕ್ಕೆ ಹಾಕಿದಳು. "ನಿಮ್ಮ ಅಜ್ಜಿಯಂದಿರು ಇದನ್ನು ಮನೆಯೊಳಗೆ ಉಟ್ಟದ್ದು ಅಕ್ಕ. ನನ್ನ ಅಜ್ಜಿ ಇದನ್ನುಟ್ಟು ತಲೆ ಮೇಲೆ ಬುಟ್ಟಿ ಇಟ್ಟು ನಿಮ್ಮಂಥವರ ಗೇಟಿನ ಹೊರಗೆ ಮೀನು ಮಾರಿದ್ದು. ಶಾಲೆಯಲ್ಲಿ ನನ್ನನ್ನು ಕರೀತಾ ಇದ್ದದ್ದೇ ಚೌಕುಳಿ ಅಂತ. ಓದಿ ಕೆಲಸಕ್ಕೆ ಸೇರಿದ್ದು ಮತ್ತೆ ಅದನ್ನೇ ಉಟ್ಟು ಸ್ಟೇಜ್ ಹತ್ತಲಿಕ್ಕಾ?"

ಅವಳು ಎದ್ದು ಚಪ್ಪಲಿ ಹಾಕಿಕೊಂಡು ಹೋದಳು. ಉಳಿದ ಇಬ್ಬರ ಕೈಯಲ್ಲಿದ್ದ ಸೀರೆ ಮೆಲ್ಲಗೆ ಗಾದಿಯ ಮೇಲೆ ಇಳಿಯಿತು. "ಅವಳನ್ನು ಬಿಟ್ಟು ಮಾಡ್ಲಿಕ್ಕಿಲ್ಲ" ಎಂದರು ಬಂದರ್ ಅಕ್ಕ. "ಒಬ್ಬಳು ಬೇರೆ ಸೀರೆ ಉಟ್ಟರೂ ಅದು ಹಳೇ ಕತೆಯೇ. ಅದಕ್ಕಿಂತ ಎಲ್ಲರೂ ಅವರವರ ಸೀರೆ ಉಟ್ಟು ಬರಲಿ. ಸಿಸ್ಟರಿಗೆ ನಾನೇ ಹೇಳ್ತೇನೆ, ನನ್ನಿಂದ ಆಗಲಿಲ್ಲ ಅಂತ."

ನಾನು ಸೀರೆ ಮಡಚಿದೆ, ಆದರೆ ಅಟ್ಟಕ್ಕೆ ಏರಿಸದೆ ಕೌಂಟರಿನ ಕೆಳಗೇ ಇಟ್ಟುಕೊಂಡೆ.

ಆ ವಾರದಲ್ಲೇ ಹುಡುಗಿ ಒಬ್ಬಳೇ ಬಂದಳು. ಗಾದಿಗೆ ಬರದೆ ಕೌಂಟರಿನ ತುದಿಯಲ್ಲಿ ನಿಂತು, ಯಾರಾದರೂ ಕೇಳುತ್ತಾರೋ ಎಂಬಂತೆ ಅತ್ತಿತ್ತ ನೋಡಿದಳು.

"ಅಣ್ಣ, ಅಜ್ಜಿಗೆ ಎಲ್ಲ ಹೇಳಿದೆ. ಅಜ್ಜಿ ನಗಾಡಿದ್ರು ಮಾರಾಯ್ರೆ! ದಿನಾ ಒಗೆದು ದಿನಾ ಉಡ್ಲಿಕ್ಕೆ ಅದೊಂದೇ ಸೀರೆ ತಡೀತಿತ್ತು, ಅದಕ್ಕೆ ಉಟ್ಟದ್ದು ಅಂತೆ. ನಿನಗೆ ನಾಚಿಕೆ ಆದರೆ ನನಗೊಂದು ತೆಗೆದುಕೊಡು, ನಿನ್ನ ಬದಲು ನಾನು ಹೋಗಿ ಫೋಟೋಕ್ಕೆ ನಿಲ್ತೇನೆ ಅಂದ್ರು." ಅವಳೂ ನಕ್ಕಳು, ನಗು ಪೂರ್ತಿ ಬರಲಿಲ್ಲ. "ಬೇರೆ ಬಣ್ಣದಲ್ಲಿ ನೇಯ್ಲಿಕ್ಕೆ ಆಗ್ತದಾ? ಅಜ್ಜಿಯದ್ದು ಮಣ್ಣಿನ ಬಣ್ಣ. ಅದು ನನಗೆ ಆಗುವುದಿಲ್ಲ. ಬಣ್ಣ ನಾನು ಹೇಳಿದ್ದಾದರೆ ಉಡ್ತೇನೆ."

ಸುದ್ದಿ ತಿಳಿದ ಬಂದರ್ ಅಕ್ಕ ಬಣ್ಣದ ಮಾತಿಗೆ ಇಬ್ಬರನ್ನೂ ಮತ್ತೆ ಅಂಗಡಿಗೆ ಕರೆತಂದು ಕೂರಿಸಿದರು. ನೂಲಿನ ಲಡಿಗಳನ್ನು ಗಾದಿಯ ಮೇಲೆ ಹರಡಿದೆ. ಈಗಿನ ಕಾಲದಲ್ಲಿ ನಮ್ಮ ಊರಿನಲ್ಲಿ ಬಣ್ಣ ಆರಿಸುವುದು ವಿನ್ಯಾಸ ಆರಿಸುವುದಕ್ಕಿಂತ ಕಷ್ಟ. ರಸ್ತೆಗೆ ಅಡ್ಡ ಕಟ್ಟುವ ಬಟ್ಟೆಯ ಬಣ್ಣ ನೋಡಿಯೇ ಮುಂದಿನ ಕೇರಿ ಯಾರದ್ದೆಂದು ಹೇಳುವ ಊರು. ಬಂದರ್ ಅಕ್ಕ ಹಸಿರು ಲಡಿಯನ್ನು ತಾವೇ ಎತ್ತಿ ನನ್ನ ಕೈಗೆ ಕೊಟ್ಟರು. "ಇದನ್ನು ಒಳಗಿಡಿ, ನಾನೇ ಹಾಕಿಸಿದ್ದು ಅಂತಾರೆ." ಕದ್ರಿ ಅಕ್ಕ ಕೇಸರಿಯನ್ನು ಎತ್ತಿ ಕೊಟ್ಟರು. "ಅದಕ್ಕೊಂದು ಜೊತೆ ಬೇಕಲ್ಲ, ಇದನ್ನೂ ಇಡಿ." ಇಬ್ಬರೂ ಹುಡುಗಿಯ ಕಡೆ ತಿರುಗಿದರು. ಅವಳು ಗಾಢ ಕೆಂಪು, ನೇರಳೆ ಎರಡು ಲಡಿಗಳನ್ನು ಸೇರಿಸಿ ಹಿಡಿದು, "ಇವೆರಡರ ನಡುವಿನದ್ದು. ಪುನರ್ಪುಳಿ ಶರಬತ್ತಿನ ಬಣ್ಣ" ಎಂದಳು. ಆ ಶರಬತ್ತು ಕುಡಿಯದ ಮನೆ ನಮ್ಮಲ್ಲಿ ಯಾವುದಿದೆ? ಗೆರೆಗೆ ಬಿಳಿ, ಅಂಚಿಗೆ ಸಾಸಿವೆ ಬಣ್ಣ ಎಂದು ಮಾತಾಯಿತು.

ನೇಕಾರರ ಸಂಘಕ್ಕೆ ನಾನೇ ಹೋದೆ. ಅಲ್ಲಿ ಮಗ್ಗಗಳು ಕಡಿಮೆ, ಕುಳಿತು ನೇಯುವವರು ಇನ್ನೂ ಕಡಿಮೆ. ಇಷ್ಟೊಂದು ಸೀರೆ ಒಂದೇ ಬಣ್ಣದಲ್ಲಿ ಬೇಕಾದರೆ ಅಷ್ಟೂ ನೂಲನ್ನು ಒಂದೇ ಸಲ ಬಣ್ಣಕ್ಕೆ ಹಾಕಬೇಕು. ಇಲ್ಲದಿದ್ದರೆ ಒಂದು ಮಗ್ಗದ ಸೀರೆ ಪುನರ್ಪುಳಿ, ಇನ್ನೊಂದರದ್ದು ಬೀಟ್‌ರೂಟ್ ಆಗುತ್ತದೆ. ಅಲ್ಲಿನ ಹಿರಿಯ ನೇಕಾರ ನನ್ನ ಕಾಗದದ ಮೇಲಿನ ಚೌಕ ನೋಡಿ, "ಸ್ವಲ್ಪ ದೊಡ್ಡದು ಮಾಡುವ. ಸಣ್ಣ ಚೌಕ ಫೋಟೋದಲ್ಲಿ ನಡುಗ್ತದೆ" ಎಂದರು. ಅದನ್ನು ಒಪ್ಪಿದೆ. ಮೊದಲ ಸೀರೆ ಮಗ್ಗದಿಂದ ಇಳಿದಾಗ ಎಷ್ಟು ಚೆಂದವಿತ್ತೆಂದರೆ, ಮನೆಗೆ ಒಯ್ದು ಹೆಂಡತಿಗೆ ತೋರಿಸಿದೆ. ಅವಳು ಚೆಂದ ಎನ್ನುವುದು ಬಿಟ್ಟು ಬಕೆಟ್ಟಿನಲ್ಲಿ ನೆನೆಸಿಟ್ಟಳು. ತೆಗೆದು ನೋಡಿದರೆ ಬಿಳಿ ಗೆರೆಗಳೆಲ್ಲ ಗುಲಾಬಿ! ಬಣ್ಣ ಸರಿಯಾಗಿ ಹಿಡಿದಿರಲಿಲ್ಲ.

ಹಾಸಿನ ನೂಲು ಆಗಲೇ ಮಗ್ಗಗಳಿಗೆ ಏರಿತ್ತು. ಬಿಚ್ಚಿ, ನೂಲನ್ನು ಮತ್ತೆ ಬಣ್ಣಕ್ಕೆ ಹಾಕಿದರೆ ಕಾರ್ಯಕ್ರಮಕ್ಕೆ ಸೀರೆ ಸಿಗುವುದಿಲ್ಲ. ಹಾಗೇ ನೇಯ್ದರೆ ಮೊದಲ ಒಗೆತಕ್ಕೆ ಆಸ್ಪತ್ರೆಯ ಹೆಂಗಸರೆಲ್ಲ ಸೇರಿ ನನ್ನನ್ನೇ ಒಗೆಯುತ್ತಾರೆ. ಫೋನಿನಲ್ಲಿ ಬಂದರ್ ಅಕ್ಕನಿಗೆ ಹೇಳಿದೆ. "ಗೆರೆ ಗುಲಾಬಿಯೇ ಇರಲಿ ಅಣ್ಣ!" ಎಂದರು ಅವರು. "ಹೇಗೂ ಆಗುವುದನ್ನು ಮೊದಲೇ ಮಾಡಿಕೊಳ್ಳುವ. ನೇಯ್ದ ಸೀರೆಗಳನ್ನು ಅಲ್ಲಿಯೇ ಒಮ್ಮೆ ಒಗೆದು, ಗಂಜಿ ಹಾಕಿ, ಆಮೇಲೆ ಕೊಡ್ಲಿಕ್ಕೆ ಆಗ್ತದಾ?" ನೇಕಾರರು ಹಾಗೆಯೇ ಮಾಡಿದರು. ಉಪ್ಪುನೀರಿನಲ್ಲಿ ಅದ್ದಿ, ಬಿಡುವ ಬಣ್ಣವೆಲ್ಲ ಬಿಟ್ಟ ಮೇಲೆ ನೆರಳಿನಲ್ಲಿ ಒಣಗಿಸಿ, ಗಂಜಿ ಹಾಕಿ ಮಡಚಿದರು. ಗೆರೆಗಳು ಎಲ್ಲ ಸೀರೆಗಳಲ್ಲೂ ಒಂದೇ ಹದದ ತಿಳಿ ಗುಲಾಬಿಗೆ ಬಂದು ನಿಂತವು. ನಾವು ಬರೆದುಕೊಂಡು ಹೋದದ್ದಕ್ಕಿಂತ ಅದೇ ಮೇಲಾಯಿತೆಂದು ನನಗೆ ಈಗಲೂ ಅನ್ನಿಸುತ್ತದೆ.

ಕಾರ್ಯಕ್ರಮದ ಬೆಳಿಗ್ಗೆ, ಕೊನೆಯ ಕಟ್ಟು ಕೊಡಲು ಆಸ್ಪತ್ರೆಗೆ ಹೋದವನನ್ನು ಬಂದರ್ ಅಕ್ಕ ಬಿಡಲಿಲ್ಲ. "ಊಟ ಮಾಡದೆ ಹೋದರೆ ಮುಂದಿನ ಸಲ ನಿಮ್ಮ ಅಂಗಡಿಗೆ ಕಾಲಿಡುವುದಿಲ್ಲ." ಸಭಾಂಗಣದ ಹಿಂದೆ ಒಂದು ಗೋಡೆಗೆ ಆತು ನಿಂತೆ. ಒಬ್ಬೊಬ್ಬರಾಗಿ ಬಂದರು. ಕದ್ರಿ ಅಕ್ಕ ಸೆರಗನ್ನು ಪಿನ್ನು ಹಾಕಿ ನೆಟ್ಟಗೆ ಬಿಟ್ಟು, ಮುಡಿಗೆ ಅಬ್ಬಲಿಗೆ ಹೂ ಮುಡಿದಿದ್ದರು. ಬಂದರ್ ಅಕ್ಕ ತುಂಬುತೋಳಿನ ರವಿಕೆ, ತಲೆಗೆ ಸಾಸಿವೆ ಬಣ್ಣದ ವಸ್ತ್ರ. ಆಯಾಗಳು ಕೆಲಸದ ನಡುವೆ ಬಂದವರು, ಸೀರೆಯನ್ನು ಮೊಣಕಾಲಿನಿಂದ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದರು. ಒಂದೇ ಚೌಕುಳಿಯನ್ನು ಊರು ತನಗೆ ಬೇಕಾದ ಹಾಗೆ ಉಟ್ಟಿತ್ತು. ಅವರವರ ಮನೆಯ ಗುರುತು ಯಾರದ್ದೂ ಹೋಗಿರಲಿಲ್ಲ, ಹೋಗಬೇಕೆಂದು ನನಗೂ ಅನ್ನಿಸಲಿಲ್ಲ.

ಸಿಸ್ಟರ್ ಅದೇ ಸೀರೆಯಲ್ಲಿ ಬಂದು ಒಬ್ಬೊಬ್ಬರನ್ನೇ ನೋಡಿದರು. ಫೋಟೋದವನು ಎಲ್ಲರನ್ನೂ ಸಾಲು ನಿಲ್ಲಿಸುತ್ತಿದ್ದಾಗ ಅವರು ಕೈ ಎತ್ತಿದರು.

"ಮೇಲೆ ವಾರ್ಡಿನಲ್ಲಿ ಡ್ಯೂಟಿಯವರು ಇದ್ದಾರಲ್ಲ, ಅವರು ಎಲ್ಲಿ?"

"ಅವರು ಬರ್ಲಿಕ್ಕೆ ಆಗುವುದಿಲ್ಲ ಸಿಸ್ಟರ್, ಪೇಷಂಟ್ಸ್ ಇದ್ದಾರೆ" ಎಂದರು ಯಾರೋ.

"ಅವರು ಬರ್ಲಿಕ್ಕೆ ಆಗದಿದ್ದರೆ ನಾವು ಹೋಗ್ಲಿಕ್ಕೆ ಆಗ್ತದಲ್ಲ. ನಡೀರಿ."

ಹಾಗೆ ಇಡೀ ಪುನರ್ಪುಳಿಯ ಸಾಲು ಮೆಟ್ಟಿಲು ಹತ್ತಿತು, ಹಿಂದೆ ನಾನೂ. ಮೇಲಿನ ವಾರ್ಡಿನ ಕಾರಿಡಾರಿನಲ್ಲಿ, ಔಷಧದ ಟ್ರಾಲಿಯನ್ನು ಗೋಡೆಗೆ ಸರಿಸಿ, ಡ್ಯೂಟಿಯಲ್ಲಿದ್ದವರನ್ನು ನಡುವೆ ನಿಲ್ಲಿಸಿ ಫೋಟೋ ತೆಗೆದರು. ಒಂದೇ ಫೋಟೋ. ಬಂದರ್ ಅಕ್ಕ ಕಣ್ಣೊರೆಸಿಕೊಂಡದ್ದು ಅದರಲ್ಲಿ ಹಾಗೇ ಬಂದಿದೆ.

ಎಲ್ಲರೂ ಊಟಕ್ಕೆಂದು ಇಳಿಯುತ್ತಿದ್ದರು. ಸುರತ್ಕಲ್ ಹುಡುಗಿ ಹಿಂದೆ ಉಳಿದು ಮೊಬೈಲಿನಲ್ಲಿ ಫೋಟೋ ಬಂತೋ ಎಂದು ನೋಡುತ್ತಿದ್ದಳು. ಪಕ್ಕದ ಕೋಣೆಯ ಬಾಗಿಲಿನಿಂದ ಒಬ್ಬ ಅಜ್ಜ, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡವರು, ಅವಳನ್ನು ಕರೆದರು:

"ಆಯಾ, ಕುಡಿಯಲಿಕ್ಕೆ ಸ್ವಲ್ಪ ಬಿಸಿನೀರು ತಾ ಮಗಳೇ. ಆಗಿನಿಂದ ಕರೀತಾ ಇದ್ದೇನೆ."

ಅವಳು ತಲೆ ಎತ್ತಿದಳು. ಮೆಟ್ಟಿಲ ಮೇಲಿದ್ದ ಕದ್ರಿ ಅಕ್ಕ ಕೂಡ ನಿಂತರು, ಏನೋ ಹೇಳಲು ಬಾಯಿ ತೆರೆದರು.

ಹುಡುಗಿ ಮೊಬೈಲನ್ನು ಟ್ರಾಲಿಯ ಮೇಲಿಟ್ಟಳು. ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ, ಆಯಾಗಳ ಹಾಗೆ ಸೊಂಟಕ್ಕೆ ಸಿಕ್ಕಿಸಿ, "ತರ್ತೇನೆ ಅಜ್ಜ, ಏಳಬೇಡಿ" ಎನ್ನುತ್ತ ಅಜ್ಜನ ಕೋಣೆಯ ಖಾಲಿ ಫ್ಲಾಸ್ಕ್ ಹಿಡಿದು ಬಿಸಿನೀರಿಗೆ ನಡೆದಳು.